ಮೊಳದಷ್ಟು ತೆರೆದ ಬಾಗಿಲು

“ಬಾಗ್ಲು ಹಾಕ್ರೋ! ಬಿಸಿಲಿಗೆ ಪರದೆ ಮೇಲಿನ ಹುಡುಗನ ಮುಖನೇ ಕಾಣ್ತಿಲ್ಲ!” ಎಂದು ಪಾಲಮ್ಮಜ್ಜಿ ಕೂಗಿದಳು.

ಯಾರೂ ಏಳಲಿಲ್ಲ. ರಾಂಪುರದ ಹತ್ತಿರದ ಆ ಹಟ್ಟಿಯ ಸಮುದಾಯ ಭವನದ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಮಧ್ಯಾಹ್ನವನ್ನು ಕತ್ತಲು ಮಾಡಿದ್ದರು. ಉರುಮೆಯ ಸದ್ದು ಒಳಗೆ ಕೇಳಲೆಂದು ಬಾಗಿಲನ್ನು ಮಾತ್ರ ಮೊಳದಷ್ಟು ತೆರೆದಿಡಬೇಕಾಗಿತ್ತು. ಹೊರಗೆ ಮೆಟ್ಟಿಲ ಮೇಲೆ ಮಾರುತೇಶ ಉರುಮೆ ಬಾರಿಸುತ್ತಿದ್ದ. ಅವನ ಅಪ್ಪ, ತಾತ ಎಲ್ಲರೂ ಯಾವ ಮದುವೆಗೇ ಆಗಲಿ, ಹೊಸಿಲಿನ ಆಚೆಯೇ ನಿಂತು ಬಾರಿಸಿದವರು.

ದಿವ್ಯಾ ಕಾಲೇಜಿನಿಂದ ತಂದಿದ್ದ ಹಳೆಯ ಮೂಕಿ ಚಿತ್ರ ಅದು. ಜಮೀನ್ದಾರನ ಮಗಳು, ಅವಳು ಮೆಚ್ಚಿದ ಕುದುರೆ ಕಾಯುವವ. ಮಾತಿನ ಬದಲು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ದಿವ್ಯಾ ಅವನ್ನು ಕನ್ನಡದಲ್ಲಿ ಓದುತ್ತಿದ್ದಳು. ಮಾರುತೇಶನಿಗೆ ಪರದೆ ಕಾಣುತ್ತಿರಲಿಲ್ಲ. ಅವಳ ದನಿ ಕೇಳಿಕೊಂಡೇ ಉರುಮೆಯನ್ನು ಏರಿಸುತ್ತಿದ್ದ, ಇಳಿಸುತ್ತಿದ್ದ. ಬಾಗಿಲಿನಿಂದ ನುಗ್ಗಿದ ಬಿಸಿಲ ಪಟ್ಟಿ ಪರದೆಯ ಎಡಕ್ಕೆ ಬಿದ್ದು, ಅಲ್ಲಿ ನಿಲ್ಲುತ್ತಿದ್ದ ಕುದುರೆಯವನನ್ನು ಅಳಿಸಿಹಾಕುತ್ತಿತ್ತು.

ಕಾಲೇಜಿನ ಬಸ್ಸಿನಲ್ಲಿ ಶುರುವಾದ ದಿವ್ಯಾ ಮಾರುತೇಶರ ಪ್ರೀತಿಗೆ ಮೂರು ವರ್ಷ. ಈಗ ಪರದೆಯ ಮುಂದೆ ಮೊದಲ ಸಾಲಿನಲ್ಲಿ ಕೂತಿದ್ದ ಅವಳ ಅಪ್ಪ, ಹಟ್ಟಿಯ ಹಿರಿಯ ಯತ್ತಪ್ಪನಿಗೆ ಅದು ಗೊತ್ತಿರಲಿಲ್ಲ. ಸಂಜೆ ಚಳ್ಳಕೆರೆಯಿಂದ ದಿವ್ಯಾಳಿಗೆ ಗೊತ್ತು ಮಾಡಿದ್ದ ಗಂಡಿನ ಕಡೆಯವರು ಬಂದು ಎಲೆ ಅಡಿಕೆ ಬದಲಾಯಿಸಿಕೊಳ್ಳುವುದಿತ್ತು.

ಚಿತ್ರದಲ್ಲಿ ಜಮೀನ್ದಾರನ ಮಗಳು ತಂದೆಯ ಎದುರು ನಿಂತಳು. ಅಕ್ಷರ ಮೂಡಿತು. ದಿವ್ಯಾ ಚಿತ್ರವನ್ನು ಅಲ್ಲೇ ನಿಲ್ಲಿಸಿ ಓದಿದಳು:

“ಅಪ್ಪಾ, ನಾನು ಓಡಿಹೋಗಲ್ಲ. ಆದ್ರೆ ಮದ್ವೆ ಅಂತ ಆದ್ರೆ ಅವನನ್ನೇ. ನೀನೇ ಮುಂದೆ ನಿಂತು ಮಾಡ್ಬೇಕು.”

ಹೊರಗೆ ಉರುಮೆ ತಟ್ಟನೆ ನಿಂತಿತು.

ಯತ್ತಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಕುರಿಹಿಂಡನ್ನು ಒಂದೇ ನೋಟಕ್ಕೆ ಎಣಿಸುವ ಕಣ್ಣು. “ಅಲ್ಲಿರೋದು ಎರಡೇ ಮಾತು ಕಣವ್ವಾ. ನೀನು ಇಷ್ಟುದ್ದ ಓದ್ದೆ.”

“‘ತಪ್ಪಾಯ್ತು ಅಪ್ಪಾ’ ಅಂತ ಐತೆ. ಅದನ್ನ ನಾನು ಓದಲ್ಲ.” ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. “ಓದಿದ್ದು ನನ್ನ ಮಾತು.”

“ಮಗಳನ್ನ ಇನ್ನೂ ಓದ್ಸು ಯತ್ತಪ್ಪ, ಚೆನ್ನಾಗಿ ಓದ್ಸು!” ಎಂದು ಹಿಂದಿನ ಸಾಲಿನಿಂದ ಹಟ್ಟಿಯ ಓಬಯ್ಯ ಚುಚ್ಚಿದ.

ಯತ್ತಪ್ಪ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಉರುಮೆ ನಿಂತದ್ದು ಯಾಕೆಂದು ಅವನು ಬಿಸಿಲ ಪಟ್ಟಿಯ ಗುಂಟ ಬಾಗಿಲಿನವರೆಗೂ ನೋಡಿದ. ಕಾದ ಮೆಟ್ಟಿಲ ಮೇಲೆ ಎರಡು ಬರಿಗಾಲು. ಅವೂ ಓಡಿರಲಿಲ್ಲ.

“ಲೇ ಮಾರುತೇಶ,” ಎಂದ. “ಒಳಗೆ ಬಾ. ಬಂದು ಬಾಗ್ಲು ಹಾಕು.”

ಮಾರುತೇಶ ಉರುಮೆಯನ್ನು ಎದೆಗವಚಿಕೊಂಡು ಹೊಸಿಲು ದಾಟಿದ. ಬಾಗಿಲು ಮುಚ್ಚಿತು. ದಿವ್ಯಾ ಚಿತ್ರವನ್ನು ಮತ್ತೆ ಓಡಿಸಿದಳು.

ಪರದೆಯ ಎಡಗಡೆ, ಮೊದಲಿನಿಂದಲೂ ಅಲ್ಲೇ ನಿಂತಿದ್ದ ಕುದುರೆಯವನ ಮುಖ ಈಗ ಎಲ್ಲರಿಗೂ ಕಂಡಿತು.