ಅಪ್ಪನ ಟವೆಲ್ಲಿನ ಗೂಡು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಸಾಕು, ನನಗೆ ಈಗಲೂ ಅಪ್ಪನ ಹೆಗಲ ಟವೆಲ್ ನೆನಪಾಗುತ್ತದೆ.

ಲೇಪಾಕ್ಷಿ ಹತ್ತಿರದ ನಮ್ಮ ಮನೆಯಲ್ಲಿ ನಡುಮನೆಯೆಲ್ಲ ರೇಷ್ಮೆಹುಳುಗಳದ್ದು, ನಾವು ಮೂಲೆಯಲ್ಲಿ ಮಲಗುವ ಬಾಡಿಗೆದಾರರು. ಒಂದು ಮಧ್ಯಾಹ್ನ ಹಿಂದೂಪುರದಿಂದ ಬಂದ ಅಪ್ಪನ ದೂರದ ಸಂಬಂಧದ ಮಾವ, "ನಿನ್ನ ಹೆಂಡ್ತಿ ಏನ್ ಕೆಲ್ಸ ಮಾಡ್ತಾಳೆ?" ಎಂದು ಅಪ್ಪನನ್ನು ಕೇಳಿದ.

"ಏನೂ ಇಲ್ಲ ಮಾವ, ಮನೇಲೇ ಇರ್ತಾಳೆ."

ಒಳಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳು ಆರಿಸುತ್ತಿದ್ದ ಅಮ್ಮ, ಆ ಮಾತು ಕೇಳಿ ಕೈ ಒರೆಸಿಕೊಂಡು ಬಂದು ಜಗಲಿಯಲ್ಲಿ ಕೂತಳು. ಅಜ್ಜಿಯೂ ಪಕ್ಕದಲ್ಲಿ ಕೂತು ಎಲೆಅಡಿಕೆ ತೆಗೆದಳು. ಹಣ್ಣಾದ ಹುಳುಗಳನ್ನು ಆಗಲೇ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ಗೂಡು ಕಟ್ಟುತ್ತವೆ, ಬೆಳೆಯೇ ಹಾಳು.

"ಲೇ, ಹುಳ ಗೋಡೆ ಹತ್ತತಾವೆ ಕಣೇ!" ಎಂದು ಅಪ್ಪ ಕೂಗಿದ.

"ನಾನು ಮನೇಲೇ ಇದೀನಲ್ಲ" ಎಂದಳು ಅಮ್ಮ.

"ಅಮ್ಮಾ, ನೀನಾದ್ರೂ ಹೇಳು!" ಎಂದು ಅಪ್ಪ ಅಜ್ಜಿಯತ್ತ ತಿರುಗಿದ.

"ನಾನೂ ಮದ್ವೆಯಾದಾಗಿಂದ ಮನೇಲೇ ಇದೀನಿ ಕಣಪ್ಪ" ಎಂದಳು ಅಜ್ಜಿ.

ಅಪ್ಪ ಮಾವನನ್ನೂ ಎಳೆದುಕೊಂಡು ಒಳಗೆ ನುಗ್ಗಿದ. ಅವರು ಒಂದು ಹುಳು ಎತ್ತುವಷ್ಟರಲ್ಲಿ ಹತ್ತು ಹುಳು ಅವರ ಮೇಲೇ ಹತ್ತಿದವು. ಒಂದಂತೂ ಮಾವನ ಮೀಸೆಯನ್ನೇ ಚಂದ್ರಿಕೆ ಅಂದುಕೊಂಡು ನೂಲು ತೆಗೆಯಿತು.

"ಅಯ್ಯಯ್ಯೋ ದೇವುಡಾ!" ಎಂಬ ಮಾವನ ಕೂಗಿಗೆ ಬೀದಿಯ ನಾಯಿಗಳೂ ಎದ್ದು ನಿಂತವು.

ಕೊನೆಗೆ ಅಮ್ಮನೇ ನಗುತ್ತಾ ಎದ್ದುಹೋಗಿ ಬೆಳೆ ಉಳಿಸಿದಳು.

ಗೂಡು ಮಾರಲು ಹೊರಟ ದಿನ ಅಪ್ಪ ಗೂಟದಿಂದ ಟವೆಲ್ ತೆಗೆದು ಕೊಡವಿದ. ಅದರೊಳಗಿಂದ ದಪ್ಪನೆಯ ಗೂಡೊಂದು ಉರುಳಿತು. ಆಮೇಲೆ ಅಮ್ಮನ ಕೆಲಸ ಏನೆಂದು ಯಾರೇ ಕೇಳಲಿ, ಅಪ್ಪ ಮೊದಲು ಟವೆಲ್ ಕೊಡವಿ ನೋಡಿ, "ಅವಳನ್ನೇ ಕೇಳ್ರಪ್ಪ" ಅನ್ನುತ್ತಿದ್ದ.