ಅಜ್ಜನ ಹಾಡಿಗೆ ಕಾವಲು

ಕಾದ ಕಂಪ್ಯೂಟರಿನ ಧೂಳುವಾಸನೆ ಬಂದರೆ ಈಗಲೂ ಕಾತ್ರಜದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಎಲ್ಲೆಲ್ಲಿಯೋ ಇರುವ ಜನ ಪರಸ್ಪರರ ಕಂಪ್ಯೂಟರಿನಿಂದ ಹಾಡು ಪಡೆಯುವ ಪ್ರೋಗ್ರಾಮೊಂದನ್ನು ಕಾಕಾ ಅಂದು ಹಾಕಿದ್ದ. ಹಂಚುವ ಫೋಲ್ಡರ್ ಯಾವುದೆಂದು ಅದು ಕೇಳಿದಾಗ, ಅವಸರದಲ್ಲಿ, ತೀರಿಹೋದ ಅಜ್ಜ ಹಾಡಿದ್ದ ಭಜನೆಗಳ ಫೋಲ್ಡರನ್ನೇ ತೋರಿಸಿಬಿಟ್ಟ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಮೆಲ್ಲಗೆ ಬೆಳೆಯತೊಡಗಿತು.

“ಇದೇನೋ ಹರಿದಾಡ್ಲಿಕತ್ತದ?” ಅಜ್ಜಿ ಕೇಳಿದಳು.

“ಯಾರೋ ಅಪ್ಪನ ಹಾಡು ತೊಗೊಳ್ಳಿಕತ್ತಾರವ್ವ.”

“ನಮ್ಮನ್ನ ಕೇಳದನ? ಪೂರಾ ಒಯ್ದ್ರ ನಮಗೇನು ಉಳೀತದ?”

“ಕಾಪಿ ಹೋಗ್ತದ, ನಮ್ದು ಇಲ್ಲೇ ಇರ್ತದ.”

“ಹಂಗ ಹೇಳೇ ಒಯ್ತಾರ. ಹಚ್ಚು, ನೋಡೋಣ.”

ಕಾಕಾ ಹಾಡು ಹಚ್ಚಿದ. ಅಜ್ಜಿ ಸೆರಗು ಹೊದ್ದು ಕೊನೆಯ ತಾಳದವರೆಗೂ ಕೇಳಿದಳು. ಪ್ರೋಗ್ರಾಮನ್ನು ತೆಗೆದುಹಾಕಿದ ಮೇಲೂ ಅವಳ ಅನುಮಾನ ಹೋಗಲಿಲ್ಲ. ದಿನಾ ಊಟವಾದ ಮೇಲೆ, “ಅದನೋ ಇಲ್ಲೋ, ಒಮ್ಮೆ ಹಚ್ಚಿ ನೋಡು” ಎನ್ನುತ್ತಿದ್ದಳು.