ಬಳಕೆಯಲ್ಲಿರುವ ಬಾವಿ

ಮೂರನೆಯ ಮುಂಜಾನೆಯೂ ಧನ್ಯಕುಮಾರ ಕಿಟಕಿಯಿಂದ ಕದ್ದು ನೋಡಿದ. ಅವನ ಮಾವಶಿ, ತಾಯಿಯ ಅಕ್ಕ ಸುನಂದಾಬಾಯಿ, ಬಾವಿಯೊಳಗೆ ಏನನ್ನೋ ಬಿಡುತ್ತಿದ್ದರು. ಸಣ್ಣ ಹಿತ್ತಾಳೆ ತಂಬಿಗೆ ಹಗ್ಗದ ತುದಿಯಲ್ಲಿ ಸದ್ದಿಲ್ಲದೆ ಇಳಿಯಿತು, ನೀರು ಮುಟ್ಟಿ ಮಗುಚಿತು, ಖಾಲಿಯಾಗಿ ಮೇಲೆ ಬಂತು.

ಅದೇನೆಂದು ಅವನಿಗೆ ಗೊತ್ತಿತ್ತು. ನೀರು ಸೋಸಿದ ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ತಂದಲ್ಲಿಗೇ ಬಿಡಬೇಕು. ಸಮಡೋಳಿಯಲ್ಲಿ ಅವನ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಜೈನರ ಮನೆಯ ಪದ್ಧತಿ. ಆದರೆ ಈ ವಾರ ಅವನಿಗೆ ಅದು ಪದ್ಧತಿಯಾಗಿ ಕಾಣಲಿಲ್ಲ, ಹಟವಾಗಿ ಕಂಡಿತು. ಮಿರಜಿನ ಅವನ ಮನೆಗೆ ಬರುವಾಗಲೂ ಸುನಂದಾಬಾಯಿ ತಮ್ಮ ತಂಬಿಗೆಯ ನೀರು ಜೊತೆಗೇ ತರುವವರು. ಅಂಥ ಹಟ.

ವಿಶ್ರಾಮಬಾಗ ಬಡಾವಣೆಯ ಆ ಜಾಗ ಮಾವಶಿಯದು. ಅವರಿಗೆ ಮಕ್ಕಳಿಲ್ಲ, ಮುಂದೆ ಅದು ತಂಗಿಯ ಮಗನಾದ ಅವನದೇ. ಒಂದೇ ಮನೆಗೆ ಮೀಸಲಾದ ಆ ಜಾಗವನ್ನು ಬಾಡಿಗೆ ಫ್ಲ್ಯಾಟುಗಳಿಗೆ ಬದಲಿಸಿಕೊಡಲು ನಗರಪಾಲಿಕೆಯ ಕಚೇರಿ ಷರತ್ತಿನ ಮೇಲೆ ಒಪ್ಪಿತ್ತು. ಕಟ್ಟಡ ಮಾತ್ರ ಹಸಿರಾಗಿರಬೇಕು: ಗಚ್ಚಿಯ ಮೇಲೆ ಸೌರ ಫಲಕ, ಅಂಗಳದಲ್ಲಿ ಮಳೆನೀರು ಇಂಗುವ ಗುಂಡಿ. ನೆಲಮಹಡಿಯ ನಾಲ್ಕು ಖೋಲಿ ದುಡಿಯುವವರಿಗೆ ಕಡಿಮೆ ಬಾಡಿಗೆಗೆ ಹೋಗಬೇಕು. ಇನ್ನೊಂದು ಷರತ್ತು ಕೊನೆಯ ಪುಟದಲ್ಲಿತ್ತು. ಕುಡಿಯಲು ಬಳಸುವ ಬಾವಿಯನ್ನು ಮುಚ್ಚುವಂತಿಲ್ಲ.

ಬಾವಿ ಜಾಗದ ನಟ್ಟನಡುವೆ ಇತ್ತು.

ಎರಡು ವರ್ಷದಿಂದ ಮಾವಶಿ ಅರ್ಜಿಗೆ ಸಹಿ ಹಾಕಿರಲಿಲ್ಲ. ಇವತ್ತು ತಪಾಸಣೆಗೆ ಇಂಜಿನಿಯರ್ ಬರುವವನಿದ್ದ. ಮಾವಶಿ ಸುಳ್ಳು ಹೇಳುವವರಲ್ಲ. ಅದೇ ಅವನ ಭಯ.

"ನಳಾ ಬಂದು ಇಪ್ಪತ್ತ ವರ್ಷ ಆತ್ರಿ ಮಾವಶಿ. ಇನ್ನೂ ಹಗ್ಗಾ ಜಗ್ಗತೀರಲ್ಲ."

"ನಳಕ್ಕ ಹಗ್ಗಾ ಕಟ್ಟಿ ಜೀವಾ ತಿರಗಿ ಬಿಡಾಕ ಬರೂದಿಲ್ಲಲ್ಲೋ ಧನ್ಯಾ."

ಪಾತ್ರೆ ತಿಕ್ಕುತ್ತಿದ್ದ ಹಣಮವ್ವ ನಕ್ಕಳು. ವಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ರಸ್ತೆಯ ಅಂಚಿನಲ್ಲಿದ್ದ ಅವಳ ತಗಡಿನ ಶೆಡ್ಡನ್ನು ಹೋದ ವಾರ ಕಿತ್ತುಹಾಕಿದ್ದರು. ಮೂರು ಮೊಮ್ಮಕ್ಕಳೊಂದಿಗೆ ಈಗ ಮಾವಶಿಯ ಪಡಸಾಲೆಯಲ್ಲಿ ಮಲಗುತ್ತಿದ್ದಳು.

ಮಾವಶಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು.

"ಆ ನಾಕ ಖೋಲ್ಯಾಗ ಒಂದು ಇಕಿಗಿ ಕೊಡತೀಯೇನು?"

"ಕೊಡತೇನ್ರಿ."

"ಬರದ ಕೊಡು."

ಅವನು ಬರೆದ. ಮಾವಶಿ ಎರಡು ಸಲ ಓದಿ ಅದನ್ನು ಹಣಮವ್ವನ ಕೈಗಿಟ್ಟರು. ಆಮೇಲೆ ಅವನ ಅರ್ಜಿಗೆ ಸಹಿ ಹಾಕಿದರು.

ಇಂಜಿನಿಯರ್ ಮಂಗೇಶ ಹನ್ನೊಂದಕ್ಕೆ ಬಂದ. ಬಾವಿಯೊಳಗೆ ಇಣುಕಿ, ಒದ್ದೆ ಹಗ್ಗ ಮುಟ್ಟಿ ನೋಡಿ, ಈ ನೀರನ್ನು ಯಾರಾದರೂ ಕುಡಿಯುತ್ತಾರೆಯೇ ಎಂದು ಮರಾಠಿಯಲ್ಲಿ ಕೇಳಿದ. ಧನ್ಯಕುಮಾರ ಮಾವಶಿಯತ್ತ ತಿರುಗಿದ.

"ಇವತ್ತಿನ ತನಕಾ ನಾ ಕುಡದೇನಿ," ಎಂದರು ಮಾವಶಿ. "ನಾಳಿಂದ ಕುಡಿಯೂದಿಲ್ಲ. ಹಂಗ ಬರಕೋ ಅನ್ನು."

ಧನ್ಯಕುಮಾರ ಅದನ್ನು ಮರಾಠಿಯಲ್ಲಿ ಹೇಳಿದ. ಮಂಗೇಶ ಬರೆದುಕೊಂಡ. ನಾಳೆಯಿಂದ ಬಳಕೆ ಇಲ್ಲ.

ಮರುದಿನ ಮಣ್ಣಿನ ಟಿಪ್ಪರುಗಳು ಬರುವ ಮೊದಲು ಮಾವಶಿ ಕೊನೆಯ ಸಲ ತಂಬಿಗೆ ಇಳಿಸಿದರು. ಎಂದಿಗಿಂತ ಹೆಚ್ಚು ಹೊತ್ತು ಹಗ್ಗ ಹಿಡಿದು ನಿಂತರು. ತಂಬಿಗೆಯನ್ನು ತೊಳೆದು ಮನೆಯ ಮುಂದಿನ ಕಟ್ಟೆಯ ಮೇಲೆ ಬೋರಲು ಹಾಕಿದರು. ನಂತರ ಅವನ ಮುಂದೆ ಬಂದು ಕೈಮುಗಿದರು.

"ತಿಳದೋ ತಿಳೀದನೋ ಮನಸ ನೋಯಿಸಿದ್ರ ಕ್ಷಮಾ ಇರ್ಲಿ, ಧನ್ಯಾ."

ಹಣಮವ್ವನಿಗೂ ಅದನ್ನೇ ಹೇಳಿದರು. ಕಾಂಪೌಂಡಿನ ಆಚೆಯ ದಾದಾಸಾಹೇಬರನ್ನು ಕರೆದು ಅವರಿಗೂ ಹೇಳಿದರು. ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ಭಾದ್ರಪದದ ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಎರಡು ವರ್ಷ ಸತಾಯಿಸಿದ್ದಕ್ಕೆ ಇರಬೇಕು ಎಂದುಕೊಂಡ ಧನ್ಯಕುಮಾರ. ಅವನ ಎದೆ ಹಗುರಾಯಿತು.

"ಅಷ್ಟ ಯಾಕ್ರಿ ಮಾವಶಿ. ಇನ್ನ ನೀರ ಸೇದೂ ತ್ರಾಸ ಮುಗೀತಲ್ಲ."

"ಮುಗೀತಪಾ."

ಮಧ್ಯಾಹ್ನದ ಹೊತ್ತಿಗೆ ಬಾವಿ ನೆಲಸಮವಾಯಿತು. ಅವನು ಮಿರಜಿಗೆ ಹೋದ.

ಮೂರನೆಯ ದಿನ ಮಂಜೂರಾತಿ ಪತ್ರ ಬಂತು. ನೀರಿನ ಸಂರಕ್ಷಣೆಗೆ ಪೂರ್ಣ ಅಂಕ ಕೊಟ್ಟಿದ್ದರು. ಪೇಡೆ ಕಟ್ಟಿಸಿಕೊಂಡು ಅವನು ವಿಶ್ರಾಮಬಾಗಕ್ಕೆ ಬಂದ. ಬಿಸಿಲು ಉರಿಯುತ್ತಿತ್ತು. ತಂಬಿಗೆ ಕಟ್ಟೆಯ ಮೇಲೆ ಬೋರಲು ಹಾಗೆಯೇ ಇತ್ತು. ಒಳಗೆ ಮಾವಶಿ ಚಾಪೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದರು. ಕಣ್ಣು ಮುಚ್ಚಿತ್ತು. ಒಡೆದ ತುಟಿಗಳು ಮಾತ್ರ ನಿಧಾನವಾಗಿ ಜಪ ಮಾಡುತ್ತಿದ್ದವು.

ಹಣಮವ್ವ ಹೊಸ್ತಿಲಲ್ಲೇ ಅವನನ್ನು ತಡೆದು, ಅವನೇ ಬರೆದುಕೊಟ್ಟಿದ್ದ, ಮಡಚಿದ ಕಾಗದವನ್ನು ಅವನ ಕೈಗಿಟ್ಟಳು.

"ಈ ಖೋಲಿ ನನಗ ಬ್ಯಾಡ್ರಿ ಸಾವಕಾರ, ಮುಚ್ಚಿದ ಬಾವಿ ತಿರಗಿ ತಗಸ್ರಿ, ಗಂಡ ಹ್ವಾದಾಗಿಂದ ಅದರ ನೀರ ಬಿಟ್ಟ ಬ್ಯಾರೆ ಹನಿ ಬಾಯಾಗ ಹಾಕೂದಿಲ್ಲಂತ ಅಮ್ಮಾರ ನೇಮಾ ಹಿಡದಾರಂತ."